ಕೈ ಬಿಟ್ಟು ನಿಲ್ಲಿಸಿದ್ದು: ಲಕ್ವ ಹೊಡೆದ ಕಂಡಕ್ಟರ್ ಒಬ್ಬರ ಪ್ರಕರಣ

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಈ ಪ್ರಕರಣವನ್ನೇ ಆರಿಸಿಕೊಂಡು ಬರೆಯಲು ಕಾರಣ ಇದೆ. ಇದರಲ್ಲಿ ನನ್ನದೇ ಒಂದು ತಪ್ಪಿದೆ. ಅದು ನನ್ನ ಕಣ್ಣಿಗೆ ಬೀಳಲು ರೋಗಿ ಒಮ್ಮೆ ನೆಲಕ್ಕೆ ಬೀಳಬೇಕಾಯಿತು. ಅವರ, ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಊರಲ್ಲಿ ಎಲ್ಲರೂ ಕರೆಯುವ ಹಾಗೆ ಅವರನ್ನು ಇಲ್ಲಿ ಕಂಡಕ್ಟರ್ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಕಂಡಕ್ಟರಿಗೆ 61 ವರ್ಷ. ಸರ್ಕಾರಿ ಬಸ್ಸಿನಲ್ಲಿ 31 ವರ್ಷ ದುಡಿದು ನಿವೃತ್ತರಾದವರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಘಾಟಿ ರೂಟು. ಮನೆಯಲ್ಲಿ ಹೆಂಡತಿ, ಪಿಯುಸಿ ಓದುತ್ತಿರುವ ತಮ್ಮನ ಮಗ. ಸ್ವಂತ ಮಗ ಬೆಂಗಳೂರಿನಲ್ಲಿ.

ಒಂದು ಬೆಳಿಗ್ಗೆ ಎಂಟು ಗಂಟೆಗೆ ಎಡಗೈಯಲ್ಲಿದ್ದ ಕಾಫಿ ಲೋಟ ಜಾರಿತು. ಮಲಗಿದ ಭಂಗಿಗೆ ಕೈ ಜೋಮು ಹಿಡಿದಿದೆ ಅಂದುಕೊಂಡರು. ಹೆಂಡತಿ ಎಣ್ಣೆ ಹಚ್ಚಿ ತಿಕ್ಕಿದರು. ಅವರು ಮತ್ತೆ ಮಲಗಿದರು. ಮಧ್ಯಾಹ್ನ ಊಟಕ್ಕೆ ಎಬ್ಬಿಸಿದಾಗ ಬಾಯಿ ಒಂದು ಕಡೆಗೆ ಜಾರಿತ್ತು, ಎಡಗಾಲು ಊರಲು ಆಗುತ್ತಿರಲಿಲ್ಲ. ಆಸ್ಪತ್ರೆ ತಲುಪಿದ್ದು ಮೂರು ಗಂಟೆಗೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಮೀರಿಹೋಗಿತ್ತು. ಮೆದುಳಿನ ಬಲಭಾಗದ ರಕ್ತನಾಳದಲ್ಲಿ ಹೆಪ್ಪು ಅಂತ ಸ್ಕ್ಯಾನ್ ತೋರಿಸಿತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ದೇಹದ ಎಡಭಾಗ ಸೋಲುತ್ತದೆ. ಮಾತು ಉಳಿದಿತ್ತು. ಬಿಪಿ ಮಾತ್ರೆಯನ್ನು ಎರಡು ತಿಂಗಳ ಹಿಂದೆಯೇ ನಿಲ್ಲಿಸಿದ್ದರು. "ಆರಾಮಾಗಿದ್ದೀನಲ್ಲ" ಅನ್ನುವುದೇ ಕಾರಣ.

ಒಂಬತ್ತು ದಿನ ಆಸ್ಪತ್ರೆ, ಆಮೇಲೆ ಮನೆ. ನಡುವೆ ಮೂರು ದಿನ ನಾಟಿ ಔಷಧಿಗೆ ಹೋಗಿಬಂದರು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಬೇಡ ಅಂತ ಬೈದರೆ ಮುಂದಿನ ಸಲ ನನಗೆ ಹೇಳದೆ ಹೋಗುತ್ತಾರೆ, ಅಷ್ಟೇ.

ಮೊದಲ ಭೇಟಿ

ನಾನು ಹೋದದ್ದು ಇಪ್ಪತ್ತನೇ ದಿನ. ಹಾಲಿನ ಮಂಚದ ಮೇಲೆ ಮಲಗಿದ್ದರು. ಎಡಗೈಯಲ್ಲಿ ಹಳದಿ ಸ್ಮೈಲಿ ಬಾಲು. ಲಕ್ವ ಹೊಡೆದವರ ಮನೆಗೆ ಹೋದರೆ ಈ ಬಾಲು ಇದ್ದೇ ಇರುತ್ತದೆ, ಯಾರು ಶುರು ಮಾಡಿದರೋ ಕಾಣೆ. ಇಂಥ ಕೈಯಲ್ಲಿ ಬೆರಳು ಮಡಚಿಕೊಳ್ಳುವುದು ತಾನಾಗಿಯೇ ಬರುತ್ತದೆ. ಕಷ್ಟ ಇರುವುದು ಬಿಚ್ಚುವುದರಲ್ಲಿ. ಬಾಲು ಹಿಸುಕುತ್ತಾ ಕೂತರೆ ಬಿಗಿತಕ್ಕೇ ಅಭ್ಯಾಸ ಕೊಟ್ಟ ಹಾಗೆ. ಅದನ್ನು ಪಕ್ಕಕ್ಕಿಡಿಸಿದೆ.

ಎದ್ದು ತೋರಿಸಿ ಅಂದೆ. ಅವರು ಅಲುಗಾಡುವ ಮೊದಲೇ ನಾಲ್ಕು ಕೈ ಮುಂದೆ ಬಂದವು. ತಮ್ಮನ ಮಗ ಎಡ ಕಂಕುಳಿಗೆ ಕೈ ಹಾಕಿ ಎತ್ತಿದ. ಹೆಂಡತಿ ಬಲಗೈ ಹಿಡಿದು ಎಳೆದರು. ಕಂಡಕ್ಟರ್ ಮೂಟೆಯ ಹಾಗೆ ಮೇಲೆ ಬಂದರು. ಅವರ ಕಾಲು ಒಂದು ಚೂರೂ ಕೆಲಸ ಮಾಡಿರಲಿಲ್ಲ. ಮುಖದಲ್ಲಿ ನೋವು. ಎಡ ಭುಜದ ಸ್ನಾಯುಗಳು ಸಡಿಲವಾಗಿ ಕೀಲು ಆಗಲೇ ಒಂದು ಬೆರಳಷ್ಟು ಕೆಳಗೆ ಜಾರಿತ್ತು. ಕಂಕುಳಿನಿಂದ ಎತ್ತಿದ ಪ್ರತಿ ಸಲವೂ ಅದು ಇನ್ನಷ್ಟು ಜಗ್ಗುತ್ತಿತ್ತು.

ಇನ್ನೊಂದು ವಿಷಯ ಗಮನಕ್ಕೆ ಬಂದದ್ದು ಊಟದ ತಟ್ಟೆಯಿಂದ. ತಟ್ಟೆಯ ಬಲಭಾಗ ಖಾಲಿ. ಎಡಗಡೆಯ ಪಲ್ಯ ಮುಟ್ಟಿಯೇ ಇಲ್ಲ. "ಈಗೀಗ ಪಲ್ಯ ಸೇರಲ್ಲ ಇವರಿಗೆ" ಅಂದರು ಹೆಂಡತಿ. ತಟ್ಟೆ ತಿರುಗಿಸಿ ಇಟ್ಟೆ. ಪಲ್ಯವನ್ನೆಲ್ಲ ತಿಂದರು. ಕಣ್ಣು ಸರಿಯಿದ್ದರೂ ಮೆದುಳು ಎಡಗಡೆಯ ಜಗತ್ತನ್ನು ಲೆಕ್ಕಕ್ಕೆ ತಗೊಳ್ಳುತ್ತಿರಲಿಲ್ಲ. ಬಲ ಮೆದುಳಿಗೆ ಪೆಟ್ಟಾದವರಲ್ಲಿ ಇದು ಆಗಾಗ ಕಾಣುತ್ತದೆ. ಮನೆಯವರು ಇದನ್ನು ಹಠ ಅಂತಲೋ, ಅರಳುಮರಳು ಅಂತಲೋ ತಿಳಿಯುತ್ತಾರೆ. ಇದನ್ನು ಆ ದಿನವೇ ನೋಟ್ಸಿನಲ್ಲಿ ಬರೆದುಕೊಂಡೆ. ಬರೆದುಕೊಂಡೂ ಮುಂದೆ ಮರೆತೆ, ಆ ಕಥೆ ಆಮೇಲೆ ಬರುತ್ತದೆ.

ಬರ್ಗ್ ಸ್ಕೇಲ್ ಅಂತ ಒಂದು ಪರೀಕ್ಷೆ ಇದೆ. ಕೆನಡಾದಲ್ಲಿ ರೂಪಿಸಿದ್ದು, 1989ರಲ್ಲಿ ಹೊರಬಂತು. ಕೂರುವುದು, ನಿಲ್ಲುವುದು, ಬಗ್ಗುವುದು, ತಿರುಗುವುದು ಹೀಗೆ 14 ಕೆಲಸ. ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 56. 45ಕ್ಕಿಂತ ಕಡಿಮೆ ಬಂದರೆ ಬೀಳುವ ಭಯ ಜಾಸ್ತಿ ಅಂತ ಸಾಮಾನ್ಯವಾಗಿ ಲೆಕ್ಕ. ಕಂಡಕ್ಟರಿಗೆ ಆ ದಿನ ಬಂದದ್ದು 13.

ವೇ ಬಿಲ್

ಮನೆಯವರ ಮೊದಲ ಪ್ರಶ್ನೆ, "ಕರೆಂಟ್ ಕೊಡಲ್ವಾ ಮೇಡಂ?" ಎರಡನೆಯದು, "ಎಷ್ಟು ದಿನಕ್ಕೆ ನಡೀತಾರೆ?" ಕರೆಂಟ್ ಅಂದರೆ ಸ್ನಾಯುವಿಗೆ ಸಣ್ಣಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ. ಅದಕ್ಕೆ ಅದರದೇ ಜಾಗ ಇದೆ. ಆದರೆ ಕರೆಂಟ್ ಹಾಕಿಸಿಕೊಂಡು ಮಲಗಿದವರು ನಡೆಯುವುದನ್ನು ಕಲಿಯುವುದಿಲ್ಲ. ನಡೆಯುವುದನ್ನು ಕಲಿಯಬೇಕಾದರೆ ಎದ್ದು ನಿಲ್ಲಬೇಕು, ಹೆಜ್ಜೆ ಇಡಬೇಕು, ಅದನ್ನೇ ನೂರಾರು ಸಲ ಮಾಡಬೇಕು. ಮೆದುಳಿನಲ್ಲಿ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗ ಆ ಕೆಲಸವನ್ನು ವಹಿಸಿಕೊಳ್ಳಬೇಕು. ಕೆಲಸ ಕೊಡದೆ ಅದು ವಹಿಸಿಕೊಳ್ಳುವುದೂ ಇಲ್ಲ.

ತಮ್ಮನ ಮಗ ಚುರುಕು ಹುಡುಗ. "ಹಾಗಾದ್ರೆ ಆಸ್ಪತ್ರೆಯಲ್ಲಿ ಮೊದಲ ದಿನವೇ ಯಾಕೆ ದೊಡ್ಡಪ್ಪನ್ನ ನಡೆಸಲಿಲ್ಲ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಅದನ್ನೇ ಪರೀಕ್ಷಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. 2,104 ರೋಗಿಗಳು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ಓಡಾಡಿಸಿದವರು ಮೂರು ತಿಂಗಳಾದ ಮೇಲೆ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಉಳಿದಿದ್ದರು. ಅಂದರೆ ಮೊದಲ ದಿನ ಅವಸರ ಬೇಡ. ಆದರೆ ಇಪ್ಪತ್ತನೇ ದಿನಕ್ಕೂ ಮಂಚದ ಮೇಲೇ ಇರಿಸುವುದು ಅವಸರ ಅಲ್ಲದೆ ಹೋದರೂ ನಷ್ಟವೇ.

ಶುರು ಮಾಡಿದ್ದು ಒಂದೇ ವ್ಯಾಯಾಮದಿಂದ: ಕೂತಲ್ಲಿಂದ ಏಳುವುದು. ಮಂಚದ ಮೇಲೆ ಎರಡು ಕಂಬಳಿ ಮಡಚಿ ಹಾಸಿ ಎತ್ತರ ಮಾಡಿದೆವು. ಎತ್ತರದಿಂದ ಏಳುವುದು ಸುಲಭ. ಪಾದ ಮೊಣಕಾಲಿಗಿಂತ ಹಿಂದೆ ಸರಿಯಬೇಕು, ಮೂಗು ಮೊಣಕಾಲು ದಾಟಿ ಮುಂದೆ ಬರಬೇಕು, ಆಗ ಮಾತ್ರ ಸೊಂಟ ತಾನಾಗಿ ಮೇಲೇಳುತ್ತದೆ. ಯಾರೂ ಕಂಕುಳು ಮುಟ್ಟಬಾರದು. ಮೊದಲ ದಿನ ಎಂಟು ಸಲ. ಬಿಪಿ ನೋಡಿ, ಉಸಿರು ನೋಡಿ, ನಡುನಡುವೆ ಕೂರಿಸಿ.

ಮೂರನೇ ದಿನ ಹೋದಾಗ "ಎಷ್ಟು ಸಲ ಮಾಡಿದ್ರಿ?" ಅಂದೆ. "ಸುಮಾರು ಮಾಡ್ದೆ" ಅಂದರು. ಹೆಂಡತಿ ತಲೆ ಅಲ್ಲಾಡಿಸಿದರು. ನನಗೆ ನಗು ಬಂತು. "ಟಿಕೆಟ್ ಎಷ್ಟು ಹರಿದ್ರಿ ಅಂದ್ರೆ ಸುಮಾರು ಹರಿದೆ ಅಂತ ಡಿಪೋದಲ್ಲಿ ಹೇಳ್ತಿದ್ರಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗನಿಗೆ ಹೇಳಿದರು: "ಒಂದು ವೇ ಬಿಲ್ ಗೀಚು."

ವೇ ಬಿಲ್ ಅಂದರೆ ಯಾವ ಸ್ಟೇಜಿನಲ್ಲಿ ಎಷ್ಟು ಟಿಕೆಟ್ ಹರಿದದ್ದು ಅಂತ ಕಂಡಕ್ಟರು ತುಂಬುವ ಲೆಕ್ಕದ ಹಾಳೆ. ಅಲ್ಲಿಂದ ಒಂದು ವರ್ಷ ಈ ವೇ ಬಿಲ್ ನಡೆಯಿತು. ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದು, ಸ್ಟೇಜಿನ ಹೆಸರಿನ ಜಾಗದಲ್ಲಿ ವ್ಯಾಯಾಮದ ಹೆಸರು, ಪಕ್ಕದಲ್ಲಿ ಎಣಿಕೆ, ಕೊನೆಗೆ ಸಹಿ. ಬಲಗೈ ಸರಿಯಿದ್ದುದರಿಂದ ತಾವೇ ತುಂಬುತ್ತಿದ್ದರು. 31 ವರ್ಷ ಲೆಕ್ಕ ತಪ್ಪದವರು ಇಲ್ಲೂ ತಪ್ಪಲಿಲ್ಲ. ಆರನೇ ವಾರಕ್ಕೆ ದಿನಕ್ಕೆ 60 ಸಲ ಏಳುತ್ತಿದ್ದರು, ಕಂಬಳಿ ಎರಡೂ ತೆಗೆದಾಗಿತ್ತು. ನಾನು ಎಷ್ಟೋ ಮನೆಗಳಲ್ಲಿ ಅಂದವಾದ ಚಾರ್ಟ್ ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ. ಫ್ರಿಜ್ ಮೇಲೆ ಅಂಟಿರುತ್ತವೆ, ಯಾರೂ ತುಂಬುವುದಿಲ್ಲ.

ಕೋಲು, ತಕ್ಕಡಿ, ಸ್ಪ್ಲಿಂಟು

ಆಸ್ಪತ್ರೆಯಿಂದ ಬರುವಾಗ ವಾಕರ್ ಕೊಡಿಸಿದ್ದರು. ವಾಕರಿಗೆ ಎರಡು ಕೈ ಬೇಕು. ಇವರ ಎಡಗೈ ಹಿಡಿಯುತ್ತಿರಲಿಲ್ಲ. ಬಲಗಡೆ ಮಾತ್ರ ತಳ್ಳಿದಾಗ ಅದು ಓರೆಯಾಗಿ ತಿರುಗುತ್ತಿತ್ತು. ಅದನ್ನು ಬಿಡಿಸಿ ಬಲಗೈಗೆ ನಾಲ್ಕು ಕಾಲಿನ ಕೋಲು ಕೊಟ್ಟೆ. ಹೆಜ್ಜೆ ಬಂತು. ಮನೆಯವರಿಗೆ ಖುಷಿಯೋ ಖುಷಿ.

ನನಗೆ ಖುಷಿ ಇರಲಿಲ್ಲ. ದೇಹ ಪೂರ್ತಿ ಬಲಕ್ಕೆ ವಾಲಿತ್ತು. ಎಡಗಾಲು ಸುಮ್ನೆ ಜೊತೆಗೆ ಬರುತ್ತಿತ್ತು. ತೂಕ ನೋಡುವ ಯಂತ್ರ ಎರಡು ತಂದು ಒಂದೊಂದರ ಮೇಲೆ ಒಂದೊಂದು ಪಾದ ಇಡಿಸಿದೆ. ಅವರ ತೂಕ 68 ಕೆಜಿ. ಎಡಗಾಲಿನ ಕೆಳಗಿನ ಮುಳ್ಳು 15 ತೋರಿಸಿತು. "ಇಷ್ಟು ದಿನ ಸರಿಯಾಗಿ ನಿಂತಿದ್ದೀನಿ ಅಂದ್ಕೊಂಡಿದ್ನಲ್ಲ" ಅಂದರು. ಎಡಗಾಲನ್ನು ನಂಬಿ ಅಂತ ನಾನು ಎರಡು ವಾರ ಹೇಳಿದ್ದು ತಲೆಗೆ ಹೋಗಿರಲಿಲ್ಲ. ಮುಳ್ಳು ಒಂದು ನಿಮಿಷದಲ್ಲಿ ಹೇಳಿತು.

ಅಲ್ಲಿಂದ ನಿಲ್ಲುವ ಅಭ್ಯಾಸಕ್ಕೆ ಕೋಲು ಬೇಡ ಅಂತ ತೀರ್ಮಾನ ಮಾಡಿದೆ. ಅಡುಗೆಮನೆ ಕಟ್ಟೆಗೆ ಎದುರಾಗಿ ನಿಂತು, ಬೇಕೆಂದರೆ ಮಾತ್ರ ಬಲಗೈ ಬೆರಳು ತಾಗಿಸುವುದು. ಊಟದ ಮಣೆ ನೆಲಕ್ಕಿಟ್ಟು ಅದರ ಮೇಲೆ ಬಲಗಾಲು ಇಟ್ಟು ತೆಗೆಯುವುದು. ಬಲಗಾಲು ಮೇಲಿದ್ದಷ್ಟು ಹೊತ್ತು ಎಡಗಾಲು ಹೊರಲೇಬೇಕು, ಬೇರೆ ದಾರಿ ಇಲ್ಲ. ಮಣೆ ನಾಲ್ಕು ಬೆರಳು ಎತ್ತರ ಇರುತ್ತದೆ. ಇದಕ್ಕಿಂತ ಒಳ್ಳೆಯ ಸ್ಟೆಪ್ಪರ್ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಎಡ ಮೊಣಕಾಲು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗದಂತೆ ನೋಡಿಕೊಳ್ಳುವುದು ಹುಡುಗನ ಕೆಲಸ.

ಎಡ ಪಾದ ಮುಂದಕ್ಕೆ ಜೋತು ಬೀಳುತ್ತಿತ್ತು. ಹೊಸ್ತಿಲಿಗೆ ಹೆಬ್ಬೆರಳು ಬಡಿಯುತ್ತಿತ್ತು. ಪಾದವನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಬರೆದುಕೊಟ್ಟೆ. ತರಿಸಿದರು. ಎರಡು ವಾರ ಅದು ಗೂಟಕ್ಕೆ ನೇತಾಡುತ್ತಿತ್ತು. ಕಾರಣ ಸರಳ: ಸ್ಪ್ಲಿಂಟ್ ಹಾಕಿದರೆ ಮೇಲೆ ಚಪ್ಪಲಿ ಹಾಕಬೇಕು, ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಓಡಾಡುವುದು ಹೇಗೆ? ದೇವರ ಕೋಣೆ ಬೇರೆ ಹಾಲಿಗೇ ಅಂಟಿಕೊಂಡಿದೆ. ಈ ತೊಡಕನ್ನು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ. ಹಿಂದೆ ಪಟ್ಟಿ ಇರುವ ಹೊಸ ಚಪ್ಪಲಿ, ಬರೀ ಮನೆಯೊಳಗೆ, ಅಂಗಳಕ್ಕೆ ತಾಗಿಸುವಂತಿಲ್ಲ, ದಿನಾ ಒರೆಸಬೇಕು ಅಂತ ಒಪ್ಪಂದವಾಯಿತು. ದೇವರಿಗೆ ಹೊಸ್ತಿಲಾಚೆ ಕುರ್ಚಿಯಿಂದಲೇ ನಮಸ್ಕಾರ. "ದೇವರಿಗೆ ಗೊತ್ತಾಗತ್ತೆ ಬಿಡಿ" ಅಂದರು ಹೆಂಡತಿ. ಆ ವಾರದಿಂದ ನಡಿಗೆ ಬದಲಾಯಿತು.

ಬೆಂಗಳೂರಿನ ಮಗ ಇದೇ ಹೊತ್ತಿಗೆ ಫೋನ್ ಮಾಡಿದರು. ಸೊಂಟಕ್ಕೆ ಪಟ್ಟಿ ಕಟ್ಟಿ ಮೇಲಿನಿಂದ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುವ ಸೆಂಟರ್ ನೋಡಿದ್ದಾರೆ, ಅಪ್ಪನನ್ನು ಕರೆದೊಯ್ಯಲೇ ಅಂತ. ಅಮೆರಿಕದಲ್ಲಿ ಇದನ್ನೇ ಹೋಲಿಸಿ ನೋಡಿ 2011ರಲ್ಲಿ ವರದಿ ಮಾಡಿದ್ದಾರೆ. 408 ಜನ. ಕೆಲವರಿಗೆ ಟ್ರೆಡ್‌ಮಿಲ್ ತರಬೇತಿ, ಉಳಿದವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಮಾಡಿಸುವ ಬಲ ಮತ್ತು ಸಮತೋಲನದ ವ್ಯಾಯಾಮ. ಒಂದು ವರ್ಷಕ್ಕೆ ಎಲ್ಲ ಗುಂಪಿನಲ್ಲೂ ಸುಮಾರು ಅರ್ಧದಷ್ಟು ಜನರ ನಡಿಗೆ ಒಂದು ಹಂತ ಮೇಲೇರಿತ್ತು. ಯಾವ ಗುಂಪೂ ಮೇಲುಗೈ ಸಾಧಿಸಲಿಲ್ಲ. ಆದರೆ ಅಲ್ಲಿ ಮನೆಯಲ್ಲೇ ವ್ಯಾಯಾಮ ಮಾಡಿದ ರೋಗಿಗಳಿಗೂ ತಲಾ ಒಂದೂವರೆ ಗಂಟೆಯ 36 ಸೆಷನ್ ಸಿಕ್ಕಿತ್ತು, ವಾರಕ್ಕೊಂದು ಸಲ ಇಣುಕಿ ಹೋದದ್ದಲ್ಲ. ಇದನ್ನು ಮಗನಿಗೆ ಹೇಳಿ, ದುಡ್ಡಿದ್ದರೆ ಯಂತ್ರಕ್ಕಲ್ಲ, ನಾನು ವಾರಕ್ಕೆ ಮೂರು ಸಲ ಬರುವುದಕ್ಕೂ ಬಚ್ಚಲಿಗೆ ಕಂಬಿ ಹಾಕಿಸುವುದಕ್ಕೂ ಖರ್ಚು ಮಾಡಿ ಅಂದೆ. ನನ್ನ ಹೊಟ್ಟೆಪಾಡಿನ ಮಾತು ಅಂದುಕೊಂಡರೇನೋ. ಆದರೂ ಒಪ್ಪಿದರು. ಕಂಬಿ ಹಾಕಿಸುವುದು ಮಾತ್ರ "ಮುಂದಿನ ತಿಂಗಳು, ಮುಂದಿನ ತಿಂಗಳು" ಅಂತ ಮುಂದೆ ಹೋಯಿತು.

ಹತ್ತನೇ ವಾರದಲ್ಲಿ 10 ಮೀಟರ್ ನಡೆಯಲು 31 ಸೆಕೆಂಡ್. ನಾಲ್ಕು ತಿಂಗಳ ಕೊನೆಗೆ 19. ಸೆಕೆಂಡಿಗೆ ಅರ್ಧ ಮೀಟರ್ ದಾಟಿದ್ದರು. ಸೆಕೆಂಡಿಗೆ 0.4 ಮೀಟರಿನ ಕೆಳಗಿದ್ದರೆ ಮನೆಯೊಳಗಿನ ನಡಿಗೆ, 0.8ರ ಮೇಲಿದ್ದರೆ ಊರೊಳಗೆ ನಿರಾಳ ಓಡಾಟ ಅಂತ ನಾವು ಅಳೆಯುತ್ತೇವೆ. ಇವರು ನಡುವೆ ಬಂದಿದ್ದರು. ಬರ್ಗ್ ಅಂಕ 41. ನನ್ನ ನೋಟ್ಸಿನಲ್ಲಿ "ಒಳ್ಳೆಯ ಪ್ರಗತಿ" ಅಂತ ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಬಿದ್ದ ರಾತ್ರಿ

ಅದಾಗಿ ಹತ್ತು ದಿನಕ್ಕೆ ಬಿದ್ದರು. ರಾತ್ರಿ ಎರಡು ಗಂಟೆ. ಸ್ಪ್ಲಿಂಟ್ ಇಲ್ಲ, ಹೆಂಡತಿಯನ್ನು ಎಬ್ಬಿಸಲಿಲ್ಲ. ಬಚ್ಚಲಿಗೆ ಹೋಗಿದ್ದಾರೆ, ಸರಿಯಾಗಿಯೇ ಹೋಗಿದ್ದಾರೆ. ವಾಪಸ್ಸು ಬರುವಾಗ ಬಾಗಿಲ ಚಿಲಕ ಎಡಗಡೆ. ಎಡಕ್ಕೆ ತಿರುಗಿದರು, ಎಡಗಾಲು ಇದ್ದಲ್ಲೇ ಉಳಿಯಿತು. ತುಟಿ ಒಡೆಯಿತು, ಸೊಂಟ ಊದಿತು. ಮೂಳೆ ಮುರಿದಿಲ್ಲ ಅಂತ ಎಕ್ಸ್‌ರೇ ಹೇಳಿತು. ಆದರೆ ಅರ್ಧ ಗಂಟೆ ಒದ್ದೆ ನೆಲದ ಮೇಲೇ ಇದ್ದರು. ಹೆಂಡತಿಯಿಂದ ಎತ್ತಲು ಆಗಲಿಲ್ಲ. ಹುಡುಗ ಆ ದಿನ ಊರಲ್ಲಿರಲಿಲ್ಲ. ಪಕ್ಕದ ಮನೆಯವರು ಬಂದು ಎತ್ತಿದರು, ಅದೂ ಕಂಕುಳಿಗೆ ಕೈ ಹಾಕಿ.

ಆಮೇಲೆ ಮೂರು ವಾರ ನಡಿಗೆ ಬಂದ್. ಮಂಚದ ಪಕ್ಕ ಪಾಟು. ಏಳುವುದಾದರೆ ಇಬ್ಬರು ಹಿಡಿಯಬೇಕು. ಮಗ ಬಂದು ಅಮ್ಮನಿಗೆ ಆಣೆ ಹಾಕಿಸಿ ಹೋಗಿದ್ದರು. ನಾನು ಹೋದರೂ ಕೈಕಾಲು ಮಡಚಿ ಬಿಡಿಸುವುದು ಬಿಟ್ಟರೆ ಬೇರೇನೂ ಬೇಡ ಅಂದರು. ಮೂರು ವಾರದ ನಂತರ ಬರ್ಗ್ 34ಕ್ಕೆ ಇಳಿದಿತ್ತು. ಕಂಡಕ್ಟರ್ ತಗ್ಗಿದ ದನಿಯಲ್ಲಿ ಹೇಳಿದರು, "ಈಗ ಕಾಲು ನಡುಗಲ್ಲ ಮೇಡಂ. ಎದೆ ನಡುಗುತ್ತೆ."

ಆ ರಾತ್ರಿ ಮನೆಗೆ ಬಂದು ನನ್ನ ನೋಟ್ಸನ್ನೆಲ್ಲ ಹರಡಿಕೊಂಡು ಕೂತೆ. ನಾನು ಯಾವಾಗಲೂ ಅವರ ಎಡಗಡೆ ನಿಲ್ಲುತ್ತಿದ್ದೆ. ಸೋತ ಕಡೆ ನಿಂತು ಕಾಯಬೇಕು ಅಂತಲೇ ನಮಗೆ ಕಲಿಸುತ್ತಾರೆ. ನಾನು ಎಡಕ್ಕಿದ್ದರೆ ಅವರು ತಿರುಗುವುದು ಯಾವ ಕಡೆಗೆ? ಬಲಕ್ಕೆ. ಹಾಲಿನ ತುದಿಗೆ ಹೋಗಿ ಬಲಕ್ಕೆ, ವಾಪಸ್ಸು ಬಂದು ಬಲಕ್ಕೆ. ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ ತಿರುಗಿ ಬಂದು ಕೂರುವ ಪರೀಕ್ಷೆಯನ್ನೂ ಮಾಡಿಸಿದ್ದೆ. ಅದರಲ್ಲೂ ಬಲಕ್ಕೇ ತಿರುಗಿದ್ದರು. ನಾಲ್ಕು ತಿಂಗಳ ಅಭ್ಯಾಸದಲ್ಲಿ ಎಡಕ್ಕೆ ತಿರುಗಿದ್ದು ಒಂದೂ ದಾಖಲಾಗಿಲ್ಲ. ಪಲ್ಯದ ತಟ್ಟೆ ನೋಡಿ ಎಡಗಡೆಯನ್ನು ಮೆದುಳು ಮರೆತಿದೆ ಅಂತ ಬರೆದವಳು ನಾನೇ. ಆಮೇಲೆ ಅವರ ಜೊತೆ ಸೇರಿ ನಾನೂ ಎಡಗಡೆಯನ್ನು ಮರೆತಿದ್ದೆ.

ಇನ್ನೂ ಒಂದು. ಬರ್ಗ್ ಪರೀಕ್ಷೆಯ 14 ಕೆಲಸಗಳಲ್ಲಿ ನಿಂತಲ್ಲೇ ಎರಡೂ ಕಡೆಗೆ ಪೂರ್ತಿ ಸುತ್ತು ಹಾಕುವುದು ಒಂದು. ಅಲ್ಲಿ ಅವರಿಗೆ ನಾನೇ ಕೊಟ್ಟದ್ದು 1 ಅಂಕ. ಅಂದರೆ ಪಕ್ಕದಲ್ಲಿ ಯಾರಾದರೂ ಕಾಯುತ್ತಿರಲೇಬೇಕು ಅಂತ ಅರ್ಥ. 41 ಅನ್ನುವ ಮೊತ್ತದ ಖುಷಿಯಲ್ಲಿ ಆ 1 ನನಗೆ ಕಂಡಿರಲಿಲ್ಲ. ಈಗ ಮೊತ್ತ ಬರೆಯುವ ಮೊದಲು ಅತಿ ಕಡಿಮೆ ಅಂಕದ ಎರಡು ಕೆಲಸಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತುತ್ತೇನೆ. ಎಲ್ಲ ರೋಗಿಗಳಿಗೂ.

ಮಾರನೇ ದಿನ ಮನೆಯವರ ಮುಂದೆ ಇದನ್ನು ಹೇಳಿದೆ. ತಪ್ಪು ನನ್ನದು, ಅವರು ನಡೆದದ್ದರಿಂದ ಬೀಳಲಿಲ್ಲ, ಒಂದು ಕೆಲಸ ಕಲಿಯದೆ ಇದ್ದುದರಿಂದ ಬಿದ್ದರು ಅಂದೆ. ಹೆಂಡತಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಕಾಫಿ ತಂದರು. ಮತ್ತೆ ಶುರು ಮಾಡಲು ಅವರು ಕೊಟ್ಟ ಒಪ್ಪಿಗೆ ಅದೇ ಅಂತ ತಿಳಿದುಕೊಂಡೆ.

ಬಸ್ಸಿನಲ್ಲಿ ನಿಲ್ಲುವ ವಿದ್ಯೆ

ಆ ದಿನ ವ್ಯಾಯಾಮ ಮಾಡಿಸಲಿಲ್ಲ. "ಘಾಟಿಯಲ್ಲಿ ಎರಡೂ ಕೈ ಬಿಟ್ಟು ಟಿಕೆಟ್ ಕೊಡ್ತಿದ್ರಲ್ಲ, ಹೇಗೆ ನಿಲ್ತಿದ್ರಿ?" ಅಂತ ಸುಮ್ನೆ ಕೇಳಿದೆ. ಮೂರು ವಾರದಲ್ಲಿ ಮೊದಲ ಸಲ ಅವರ ಮುಖ ಅರಳಿತು. ಸಣ್ಣ ಬ್ರೇಕಿಗೆ ಪಾದದಲ್ಲೇ ಸುಧಾರಿಸ್ಕೋತೀವಿ. ಜೋರು ಬ್ರೇಕಾದರೆ ಸೊಂಟ ಹಿಂದೆ ತಳ್ಳಿ ಸೀಟಿಗೆ ಒರಗ್ತೀವಿ. ಡ್ರೈವರ್ ಸಡನ್ನಾಗಿ ಹಾಕಿದನೋ, ಒಂದು ಹೆಜ್ಜೆ ಹಾಕಲೇಬೇಕು, ಇಲ್ಲಾಂದ್ರೆ ಪ್ಯಾಸೆಂಜರ್ ಮಡಿಲಿಗೆ. ಇಷ್ಟನ್ನು ಕೈ ಆಡಿಸುತ್ತಾ ಹೇಳಿದರು.

ನಮ್ಮ ಪಾಠದಲ್ಲೂ ಇರುವುದು ಇದೇ ಮೂರು: ಹರಡಿನಿಂದ (ಪಾದದ ಕೀಲಿನಿಂದ), ಸೊಂಟದಿಂದ, ಹೆಜ್ಜೆಯಿಂದ. ಅವರ ಎಡ ಹರಡು ಇನ್ನೂ ಕೆಲಸ ಮಾಡುತ್ತಿರಲಿಲ್ಲ, ಮೊದಲ ಉಪಾಯ ಅರ್ಧ ಹೋಗಿತ್ತು. ಸೊಂಟ ಇತ್ತು. ಹೆಜ್ಜೆ? ನಾನು ಅವರಿಗೆ ನಡೆಯಲು ಹೆಜ್ಜೆ ಕಲಿಸಿದ್ದೆ, ಬೀಳದಿರಲು ಹೆಜ್ಜೆ ಕಲಿಸಿರಲಿಲ್ಲ. ಮನೆಯವರು ಹಿಡಿದುಕೊಂಡೇ ಇದ್ದರೆ, ನಾನು ಪಕ್ಕದಲ್ಲಿ ಅಂಟಿಕೊಂಡೇ ಇದ್ದರೆ, ಆ ಮೂರರಲ್ಲಿ ಯಾವುದಕ್ಕೂ ಕೆಲಸವೇ ಬರುವುದಿಲ್ಲ. ಬೀಳುವ ಹಾಗೆ ಆಗಬೇಕು, ಆದರೆ ಬೀಳಬಾರದು. ಅಂಥ ಜಾಗ ಮಾಡಿಕೊಳ್ಳಬೇಕಿತ್ತು.

ಆದರೆ ಅದಕ್ಕೂ ಮೊದಲು ನೆಲದಿಂದ ಏಳುವುದನ್ನು ಕಲಿಸಿದೆ. ಈ ಕ್ರಮ ಹಲವರಿಗೆ ವಿಚಿತ್ರ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಭಯ ಇರುವುದು ಬೀಳುವುದಕ್ಕಿಂತ ಜಾಸ್ತಿ, ಬಿದ್ದು ಅಲ್ಲೇ ಉಳಿಯುವುದರ ಬಗ್ಗೆ. ಚಾಪೆ ಹಾಸಿ, ಗಟ್ಟಿ ಮರದ ಕುರ್ಚಿ ಇಟ್ಟು ಶುರು ಮಾಡಿದೆವು. ಬಲಗಡೆಗೆ ಹೊರಳುವುದು, ಬಲ ಮೊಣಕೈ ಊರಿ ಕೂರುವುದು, ಕುರ್ಚಿಯ ಕಡೆ ತಿರುಗಿ ಮಂಡಿಯೂರುವುದು, ಬಲ ಪಾದ ಮುಂದಿಟ್ಟು, ಬಲಗೈ ಕುರ್ಚಿಗೆ ಊರಿ ಎದ್ದು, ಹಾಗೇ ತಿರುಗಿ ಕೂರುವುದು. ಎಂಟು ದಿನ ಬೇಕಾಯಿತು. ಒಬ್ಬರೇ ಎದ್ದ ದಿನ ಹೆಂಡತಿ ಅತ್ತರು. ಪಾಟನ್ನು ಅವತ್ತೇ ಅಟ್ಟಕ್ಕೆ ಹಾಕಿಸಿದರು. ಬಚ್ಚಲ ಕಂಬಿಯೂ ಆ ವಾರ ಬಂತು.

ಆಮೇಲೆ ತಿರುಗುವುದು. ಜಗಲಿಯಲ್ಲಿ ರಂಗೋಲಿ ಪುಡಿಯಿಂದ ಗಡಿಯಾರ ಬರೆದು ನಡುವೆ ನಿಲ್ಲಿಸಿದೆ. ನಾನು ಹೇಳಿದ ಅಂಕೆಗೆ ಮೊದಲು ಕಣ್ಣು, ಆಮೇಲೆ ಕುತ್ತಿಗೆ, ಆಮೇಲೆ ಪಾದ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ. ಒಂಬತ್ತು, ಹತ್ತು, ಹನ್ನೊಂದು ಅವರ ಎಡಕ್ಕೆ. ಮೊದಮೊದಲು ಒಂಬತ್ತು ಅಂದರೆ ಸುತ್ತ ಬಲಗಡೆಯಿಂದ ಬಂದು ತಲುಪುತ್ತಿದ್ದರು. ನಾನು ನಿಲ್ಲುವ ಜಾಗವನ್ನೂ ದಿನಾ ಬದಲಿಸಿದೆ. ಟಿವಿ, ನೀರಿನ ಚೊಂಬು, ಫೋನು ಎಲ್ಲ ಮಂಚದ ಎಡಕ್ಕೆ ಹೋದವು.

ಹೆಜ್ಜೆಯ ಅಭ್ಯಾಸ ಗೋಡೆಯ ಮೂಲೆಯಲ್ಲಿ. ಹಿಂದೆ ಎರಡು ಗೋಡೆ, ಮುಂದೆ ಮಂಚ, ಸೊಂಟಕ್ಕೆ ದಪ್ಪ ಟವೆಲ್ ಬಿಗಿದು ಅದರ ಮೇಲೆ ನನ್ನ ಕೈ. ಮೊದಲು ಹೇಳಿ ತಳ್ಳಿದೆ, ಮೆಲ್ಲಗೆ. ಎರಡು ವಾರದ ಮೇಲೆ ಹೇಳದೆ. ಅವರು "ರೈಟ್" ಅಂದರೆ ಶುರು, "ಹೋಲ್ಡಾನ್" ಅಂದರೆ ಆ ಕ್ಷಣ ನಿಲ್ಲಿಸಬೇಕು. ಈ ನಿಯಮ ಅವರದೇ. ಲಗಾಮು ತಮ್ಮ ಕೈಯಲ್ಲಿದೆ ಅಂತಾದ ಮೇಲೆ ಎದೆ ನಡುಗುವುದು ಕಡಿಮೆಯಾಯಿತು. ಓದುತ್ತಿರುವವರಿಗೆ ಒಂದು ಮಾತು: ಇದನ್ನು ಕಲಿತವರು ಪಕ್ಕದಲ್ಲಿಲ್ಲದೆ ಮನೆಯಲ್ಲಿ ಯಾರೂ ಮಾಡಿಸಬೇಡಿ. ಎಡಗಾಲು ಮೊದಲ ಸಲ ತಾನಾಗಿ ಪಕ್ಕಕ್ಕೆ ಹೆಜ್ಜೆ ಹಾಕಿದ್ದು ಹದಿನೇಳನೇ ದಿನ. ಅವರಿಗೇ ಗೊತ್ತಾಗಲಿಲ್ಲ. ಹುಡುಗ ಕೂಗಿದ, "ದೊಡ್ಡಪ್ಪಾ, ಎಡಗಾಲು!"

ಕೊನೆಯದು ಲೆಕ್ಕ. ನಡೆಯುವಾಗ ಯಾರಾದರೂ ಮಾತಾಡಿಸಿದರೆ ಅವರು ನಿಂತುಬಿಡುತ್ತಿದ್ದರು. ನಡಿಗೆಗೆ ಪೂರ್ತಿ ಗಮನ ಬೇಕಾಗಿತ್ತು, ಮಾತಿಗೆ ಉಳಿಯುತ್ತಿರಲಿಲ್ಲ. ರಸ್ತೆಯಲ್ಲಿ ಇದು ಅಪಾಯ. ಹುಡುಗ ಪ್ಯಾಸೆಂಜರ್ ಆದ. "ಮೂರು ಫುಲ್ಲು, ಒಂದು ಹಾಫು, ಫುಲ್ಲಿಗೆ 46. ತಗೊಳ್ಳಿ 200." ನಡೆಯುತ್ತಾ ಹೇಳಬೇಕು. ಮೊದಲ ವಾರ ಕಾಲು ನಿಂತು ಲೆಕ್ಕ ಬರುತ್ತಿತ್ತು. ಆಮೇಲೆ ಕಾಲು ನಡೆದು ಲೆಕ್ಕ ತಪ್ಪುತ್ತಿತ್ತು, ಅದು ಅವರಿಗೆ ದೊಡ್ಡ ಅವಮಾನ. ಆರನೇ ವಾರಕ್ಕೆ ಹೊಸ್ತಿಲು ದಾಟುತ್ತಾ "39 ಚೇಂಜ್" ಅಂದರು.

ನೈಟ್ ಹಾಲ್ಟ್ ಬಸ್ಸು

ಒಂಬತ್ತನೇ ತಿಂಗಳಿಗೆ ಬರ್ಗ್ 49, ಸುತ್ತು ಹಾಕುವ ಕೆಲಸಕ್ಕೆ 2. ನಿಧಾನ, ಆದರೆ ಯಾರೂ ಕಾಯಬೇಕಿಲ್ಲ. 10 ಮೀಟರಿಗೆ 14 ಸೆಕೆಂಡ್. ಬೆಳಿಗ್ಗೆ ಕೋಲು ಹಿಡಿದು ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಹೋಗಿಬರುತ್ತಾರೆ. ರಸ್ತೆ ದಾಟುವಾಗ ಜೊತೆಗೆ ಒಬ್ಬರು ಬೇಕು. ಸ್ಪ್ಲಿಂಟ್ ಬಿಡಲು ಆಗಿಲ್ಲ, ಬಿಡಲು ಆಗುತ್ತದೆ ಅಂತ ನಾನು ಹೇಳಿಯೂ ಇಲ್ಲ. ಎಡಗೈಯಲ್ಲಿ ಕೆಲಸಕ್ಕೆ ಬರುವಂಥ ಚಲನೆ ಬಂದಿಲ್ಲ. ಭುಜದ ನೋವು ಹೋಗಿದೆ, ಯಾಕೆಂದರೆ ಈಗ ಅಲ್ಲಿ ಕೈ ಹಾಕಿ ಯಾರೂ ಎತ್ತುವುದಿಲ್ಲ.

ಬಸ್ಸಿನ ಮೆಟ್ಟಿಲು ಹತ್ತಬೇಕು ಅನ್ನುವುದು ಅವರ ಆಸೆ. ಮನೆಯ ಮೆಟ್ಟಿಲಿಗೆ ಒಂದೇ ಕಡೆ ಕಂಬಿ. ಹತ್ತುವಾಗ ಬಲಗೈಗೆ ಸಿಕ್ಕ ಕಂಬಿ ಇಳಿಯುವಾಗ ಎಡಕ್ಕೆ ಬರುತ್ತದೆ, ಎಡಗೈ ಹಿಡಿಯುವುದಿಲ್ಲ. ಹಿಮ್ಮುಖವಾಗಿ ಇಳಿಯುವುದನ್ನು ಕಲಿಸಿದೆ. ಬಸ್ಸಿಗೆ ಎರಡೂ ಕಡೆ ಹಿಡಿ ಇರುತ್ತದೆ, ಆ ಮಟ್ಟಿಗೆ ಸುಲಭ. ಆದರೆ ಮೊದಲ ಮೆಟ್ಟಿಲು ಬಹಳ ಎತ್ತರ. ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು.

ಅವರ ಊರಿಗೆ ರಾತ್ರಿ ಎಂಟೂವರೆಗೆ ನೈಟ್ ಹಾಲ್ಟ್ ಬಸ್ಸು ಬರುತ್ತದೆ. ಜನ ಇಳಿದ ಮೇಲೆ, ಇಂಜಿನ್ ಆಫ್ ಮಾಡಿಸಿ, ಅದರಲ್ಲೇ ಅಭ್ಯಾಸ ಮಾಡಿದೆವು. ಡ್ರೈವರ್, ಕಂಡಕ್ಟರ್ ಇಬ್ಬರೂ ಚಿಕ್ಕ ವಯಸ್ಸಿನವರು, ಇವರನ್ನು ಕಂಡರೆ ಮರ್ಯಾದೆ. ನಾಲ್ಕನೇ ರಾತ್ರಿ ಒಬ್ಬರೇ ಹತ್ತಿದರು. ಸೀಟುಗಳ ನಡುವೆ ನಡೆದು, ಎಡಕ್ಕೇ ತಿರುಗಿ, ಸೀಟಿನ ಅಂಚಿಗೆ ಸೊಂಟ ಒರಗಿಸಿ ಒಂದು ನಿಮಿಷ ನಿಂತರು. ಹೆಂಡತಿ ಕೆಳಗೆ ನಿಂತು ನೋಡುತ್ತಿದ್ದರು. ಓಡುವ ಬಸ್ಸಿನಲ್ಲಿ ನಿಲ್ಲುವುದು ಬೇಡ, ಹತ್ತಿದ ತಕ್ಷಣ ಕೂರಬೇಕು ಅಂತ ಇಬ್ಬರಿಗೂ ಹೇಳಿದ್ದೇನೆ. ಅವರು "ಆಯ್ತು" ಅಂದಿದ್ದಾರೆ, ನನಗೆ ಪೂರ್ತಿ ನಂಬಿಕೆ ಇಲ್ಲ.

ಈಗ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ. ಬಿಪಿ ಮಾತ್ರೆಗೂ ವೇ ಬಿಲ್ಲಿನಲ್ಲಿ ಒಂದು ಸಾಲು ಬಂದಿದೆ. ಮೊನ್ನೆ ಪುಟ ತಿರುವಿ ನೋಡಿದೆ. ಎಡಕ್ಕೆ ತಿರುಗಿದ್ದು ದಿನಕ್ಕೆ 40, ಒಂದು ದಿನವೂ ಬಿಟ್ಟಿಲ್ಲ. ನಾನು ಬರುತ್ತೇನೆ ಅಂತ ಹೇಳಿ ಬಾರದ ದಿನದ ಎದುರು ಷರಾ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಚೆಕಿಂಗ್ ಬಂದಿಲ್ಲ."